ಪಾಳಿ ಬಿಡದ ಮುದಕಪ್ಪ

ದಾಂಡೇಲಿಯ ಕಾಗದ ಕಾರ್ಖಾನೆಯ ಹಿಂದಿನ ಓಣಿಯವರು ಮುದಕಪ್ಪನ ಬಗ್ಗೆ ಒಂದು ಮಾತು ಆಡುತ್ತಿದ್ದರು. "ಯಮ ಬಂದು ಬಾಗಿಲದಾಗ ನಿಂತ್ರೂ ಈ ಮನಿಷ್ಯಾ, ತಡಿಯಪಾ, ನನ್ನ ಬದಲಿ ಆಳು ಇನ್ನೂ ಬಂದಿಲ್ಲ ಅಂತಾನ." ನಳದ ಹತ್ತಿರ ಕೊಡ ಇಟ್ಟುಕೊಂಡು ನಿಂತ ಹೆಂಗಸರು ಇನ್ನೂ ಮುಂದೆ ಹೋಗುತ್ತಿದ್ದರು. ಮದುವೆಯ ದಿನ ತಲೆಯ ಮೇಲೆ ಬಿದ್ದ ಅಕ್ಕಿಕಾಳನ್ನು ಕೊಡವಿಕೊಂಡು ಪಾಳಿಗೆ ಓಡಿದ ಗಂಡು ಅವನೊಬ್ಬನೇ ಅಂತೆ. ಮಾತಿನಲ್ಲಿ ಉಪ್ಪು ಖಾರ ಜಾಸ್ತಿಯಿತ್ತೇ ಹೊರತು ಸುಳ್ಳು ಇರಲಿಲ್ಲ.

ಕಾಗದದ ಯಂತ್ರ ಹಗಲೂ ರಾತ್ರಿ ಓಡುವಂಥದ್ದು. ಅದನ್ನು ನೋಡಿಕೊಳ್ಳುವವನು ಪಾಳಿ ಮುಗಿದ ಭೋಂಗಾ ಕೂಗಿತೆಂದು ಎದ್ದು ಹೋಗುವಂತಿಲ್ಲ. ಮುಂದಿನ ಪಾಳಿಯವನು ಬರಬೇಕು, ಎದುರಿಗೆ ನಿಲ್ಲಬೇಕು. ಯಂತ್ರದ ಯಾವ ಭಾಗ ಬಿಸಿಯಾಗಿದೆ, ಎಲ್ಲಿ ಸದ್ದು ಬೇರೆ ಬರುತ್ತಿದೆ, ಎಲ್ಲವನ್ನೂ ಬಾಯಿಬಿಟ್ಟು ಅವನಿಗೆ ಹೇಳಬೇಕು. ಇದಕ್ಕೆ ಅಲ್ಲಿ ಚಾರ್ಜ್ ಕೊಡುವುದು ಎನ್ನುತ್ತಾರೆ. ಕೆಟ್ಟದ್ದನ್ನು ಮುಚ್ಚಿಟ್ಟು ಚಾರ್ಜ್ ಕೊಟ್ಟವನಿಗೆ ಕಾರ್ಖಾನೆಯಲ್ಲಿ ಮರ್ಯಾದೆಯಿಲ್ಲ. ಮುದಕಪ್ಪ ಒಂದು ದಿನವೂ ಹಾಗೆ ಮಾಡಿದವನಲ್ಲ.

ಅವನಿಂದ ಚಾರ್ಜ್ ತೆಗೆದುಕೊಳ್ಳುತ್ತಿದ್ದವನು ಕಾಯತಾನ. ಹಳಿಯಾಳದ ಆಚೆ ಕಾಡಂಚಿನ ಊರಿನ ಸಿದ್ದಿ ಜನಾಂಗದವನು, ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವನು, ಉಳಿದ ದಿನ ತಪ್ಪದೆ ತಡವಾಗಿ ಬರುವವನು. ಮುದಕಪ್ಪ ಕಲಘಟಗಿ ಕಡೆಯ ಲಿಂಗಾಯತ. ಇಬ್ಬರೂ ಕೂಡಿ ಕೆಲಸ ಮಾಡಿದ್ದೇ ಇಲ್ಲ. ಒಬ್ಬ ಬಂದಾಗ ಇನ್ನೊಬ್ಬ ಹೊರಡಬೇಕು. ನಡುವೆ ಒಂದು ಚಿಟಿಕೆ ತಂಬಾಕು ತಿಕ್ಕುವಷ್ಟು ಹೊತ್ತು ಮಾತು, ಬೈಗುಳ, ನಗು. ಅಷ್ಟರಲ್ಲೇ ಇಡೀ ಜನ್ಮಕ್ಕಾಗುವಷ್ಟು ಗೆಳೆತನ ಬೆಳೆದಿತ್ತು. ಒಮ್ಮೆ ಕಾಯತಾನ ಪಾಳಿಗೆ ಬರಲೇ ಇಲ್ಲ. ಮುದಕಪ್ಪ ಅವನ ಪಾಳಿಯನ್ನೂ ನಿಂತೇ ಕಳೆದ. ಮರುದಿನ ಕಂಡ ಕೂಡಲೇ "ಎಲ್ಲಿ ಸತ್ತಿದ್ಯೋ ಲೇ?" ಎಂದು ಕೂಗಿದ. "ಮಗಳು ಹುಟ್ಯಾಳಲೇ" ಅಂದ ಕಾಯತಾನ. "ಮತ್ತ ಇವತ್ತ್ಯಾಕ ಬಂದಿ? ಹೋಗ, ಇವತ್ತೂ ನಾನ ನಿಲ್ತೇನಿ" ಎಂದು ಮುದಕಪ್ಪ ಅವನನ್ನು ತಿರುಗಿಸಿ ಕಳಿಸಿದ. ಆ ಮಗಳೇ ಜೆನಿಫರ್, ಈಗ ಹಳಿಯಾಳದಲ್ಲಿ ನರ್ಸು.

ಇಬ್ಬರೂ ನಿವೃತ್ತರಾದರು. ಕಾಯತಾನ ಊರಿಗೆ ಹೋಗಿ ಗೋವಿನಜೋಳ ಬೆಳೆಯತೊಡಗಿದ. ಮುದಕಪ್ಪ ಮತ್ತು ಹೆಂಡತಿ ಮಾಲವ್ವ ಓಣಿಯಲ್ಲೇ ಉಳಿದರು. ಮಗಳು ಸುವರ್ಣಾ ಮುಂಡಗೋಡದ ಮಳಗಿಯಲ್ಲಿ ಅಂಗನವಾಡಿ ಟೀಚರು. ರಜೆ ಸಿಕ್ಕಾಗಲೆಲ್ಲ ಬರುವಳು.

ಒಂದು ದಿನ ಸಂತೆಯಿಂದ ಬರುವಾಗ ಮುದಕಪ್ಪನ ಎಡಗಾಲಿನ ಚಪ್ಪಲಿ ಕಳಚಿ ಬಿತ್ತು, ಅವನಿಗೆ ಗೊತ್ತೇ ಆಗಲಿಲ್ಲ. ಮನೆಗೆ ಬಂದಾಗ ಮಾಲವ್ವ, "ಒಂದ ಕಾಲಿಗೆ ಮೆಟ್ಟು ಹಾಕ್ಕೊಂಡು ಯಾವ ಮಠಕ್ಕ ಹೋಗಿದ್ರಿ?" ಎಂದು ನಕ್ಕಳು. ಹುಬ್ಬಳ್ಳಿಯ ಡಾಕ್ಟರು ನಗಲಿಲ್ಲ. ನರಗಳು ಸೋಲುವ ರೋಗ, ಕಾಲಿನಿಂದ ಮೇಲಕ್ಕೇರುತ್ತದೆ, ಕೊನೆಗೆ ಉಸಿರಿಗೆ ಬರುತ್ತದೆ, ಗುಣವಾಗುವ ಔಷಧಿಯಿಲ್ಲ ಎಂದರು. ಬುದ್ಧಿಗೆ ಏನೂ ಆಗುವುದಿಲ್ಲ ಎಂದೂ ಹೇಳಿದರು. ಮುದಕಪ್ಪನಿಗೆ ಹೆದರಿಕೆ ಹುಟ್ಟಿಸಿದ್ದು ಆ ಕೊನೆಯ ಮಾತೇ.

ಎರಡು ಕಾಲೂ ಹೋದ ಮೇಲೆ ಮಾಲವ್ವ ಅವನನ್ನು ತಬ್ಬಿ ಎತ್ತಿ ಬಚ್ಚಲಿಗೆ ಒಯ್ಯುತ್ತಿದ್ದಳು. ಅವಳೋ ಗುಬ್ಬಿಯಂಥ ಹೆಂಗಸು. ಒಂದು ಬೆಳಿಗ್ಗೆ ಇಬ್ಬರೂ ಕೂಡಿ ಜಾರಿದರು. "ಈ ವಯಸ್ಸಿನ್ಯಾಗ ಇದೇನ್ರಿ ಚ್ಯಾಷ್ಟಿ" ಎಂದು ಅವಳು ಮೊದಲು ನಕ್ಕಳು. ಏಳಲು ಹೋದಾಗ ಸೊಂಟ ಹಿಡಿದು ಚೀರಿದಳು. ಪಕ್ಕದ ಮನೆಯ ರಿಕ್ಷಾ ಸಲೀಂ ಓಡಿಬಂದು ಇಬ್ಬರನ್ನೂ ಎತ್ತಿ ಹಾಸಿಗೆಗೆ ತಂದು ಹಾಕಿದ. ಅಂದಿನಿಂದ ಮುದಕಪ್ಪ ಮಾತು ಕಡಿಮೆ ಮಾಡಿದ. ಮಾಲವ್ವ ಗೋಡೆ ಹಿಡಿದು ನಡೆಯುವ ಸದ್ದು ಕೇಳಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಅದೇ ವಾರ ಓಣಿಯ ವಕೀಲ ವೀರೇಶ ನೋಡಲು ಬಂದ. ಒಳ್ಳೆಯ ಹುಡುಗ. ಅವನ ತಾಯಿ ಹೊಟ್ಟೆಯ ಕ್ಯಾನ್ಸರಿನಲ್ಲಿ ಕೂಗಿ ಕೂಗಿ ಸತ್ತಿದ್ದನ್ನು ಇಡೀ ಓಣಿ ಕೇಳಿತ್ತು.

"ವೀರೇಶಾ, ಹೊರದೇಶದಾಗ ಸಾವು ಕೇಳಿದವ್ರಿಗೆ ಡಾಕ್ಟರೇ ಸೂಜಿ ಹಾಕಿ ಕಳಿಸ್ತಾರಂತಲ್ಲೋ. ಖರೇನು?"

"ಕೆಲವು ದೇಶದಾಗ ಕಾನೂನೈತಿ ಕಾಕಾ. ಸ್ವಂತ ಮನಸ್ಸಿಂದ ಕೇಳ್ಯಾನೋ ಇಲ್ಲೋ ವಿಚಾರ ಮಾಡಿ ಕೊಡ್ತಾರ. ನಮ್ಮಲ್ಲೂ ಬರ್ಲಿ ಅಂತ ನಾವೊಂದಿಷ್ಟು ಮಂದಿ ಸರ್ಕಾರಕ್ಕ ಮನವಿ ಕೊಡಾಕತ್ತೇವಿ. ಯೂನಿಯನ್ ಹಾಲ್‌ದಾಗ ಸಭಾ ಇಡ್ತೇವಿ."

"ಮೊದಲನೇ ಹೆಸರ ನಂದ ಬರಿ. ಸಭಾಕ್ಕೂ ಬರ್ತೇನಿ. ನನ್ನ ನೋಡಿದ್ರ ಸಾಕು, ಮಂದಿಗೆ ಭಾಷಣ ಬೇಕಾಗೂದಿಲ್ಲ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮಾಲವ್ವ ಚಹಾ ತಂದು ವೀರೇಶನ ಕೈಗೆ ಕೊಟ್ಟಳು.

"ನನಗ?" ಅಂದ ಮುದಕಪ್ಪ.

"ಹೋಗಾವ್ರಿಗೆ ಯಾಕ್ರಿ ಚಾ?"

ಮರುದಿನ ಸಲೀಂನ ಹೆಂಡತಿಯನ್ನು ಮನೆಯಲ್ಲಿ ಕೂಡಿಸಿ, ಸೊಂಟಕ್ಕೆ ಸೀರೆಯ ಮೇಲಿಂದಲೇ ಟವೆಲ್ಲು ಬಿಗಿದುಕೊಂಡು ಮಾಲವ್ವ ಹಳಿಯಾಳದ ಬಸ್ಸು ಹತ್ತಿದಳು. ಅಲ್ಲಿಂದ ಟೆಂಪೋ ಹಿಡಿದು ಹೋದಾಗ ಕಾಯತಾನ ಅಂಗಳದಲ್ಲಿ ಗೋವಿನಜೋಳ ಬಿಡಿಸುತ್ತಿದ್ದ.

"ವೈನಿ! ಏನ್ ಹಿಂಗ, ಒಬ್ರೇ?"

"ನಿಮ್ಮ ಗೆಳ್ಯಾ ಚಾರ್ಜ್ ಕೊಡದ ಹೊಂಟಾರ" ಅಂದಳು ಮಾಲವ್ವ. "ಬಂದು ಕೇಳ್ರಿ."

ಕಾಯತಾನ ಜೋಳದ ತೆನೆ ಅಲ್ಲೇ ಬಿಟ್ಟು ಎದ್ದ. ಒಳಗೆ ಹೋಗಿ ಎರಡು ಅಂಗಿ ಚೀಲಕ್ಕೆ ತುರುಕಿಕೊಂಡು ಬಂದ. ಸಂಜೆಯ ಹೊತ್ತಿಗೆ ದಾಂಡೇಲಿಗೆ ಬಂದು ಮುದಕಪ್ಪನ ಹಾಸಿಗೆಯ ಕಾಲದೆಸೆಗೆ ನಿಂತ. ನಮಸ್ಕಾರವಿಲ್ಲ, ಕ್ಷೇಮ ಸಮಾಚಾರವಿಲ್ಲ.

"ಲೇ ಮುದಕಾ, ಚಾರ್ಜ್ ಕೊಡಲೇ."

"ಇವತ್ತೂ ತಡಾ ಮಾಡೇ ಬಂದಿ" ಎಂಬ ಮಾತು ಮುದಕಪ್ಪನ ಬಾಯಿಂದ ತಾನಾಗಿ ಬಂತು. ಅದರ ಹಿಂದೆ ಉಳಿದದ್ದೂ ಹೊರಟಿತು. ಜನ್ಮದ ರೂಢಿ, ತಡೆಯಲಾಗುತ್ತದೆಯೇ? "ಎರಡೂ ಕಾಲು ಬಂದ್ ಆಗ್ಯಾವ. ಎಡಗೈ ಅರ್ಧಾ ನಡೀತೈತಿ. ಬಲಗೈ ಪಾಡ ಐತಿ. ನುಂಗಾಕ ಬರ್ತೈತಿ. ನೋವು ಅಂಥಾದ್ದೇನಿಲ್ಲ. ಮೊನ್ನೆಯಿಂದ ಹೊಟ್ಟಿ ಕಟ್ಟೇತಿ." ಅಲ್ಲಿ ನಿಲ್ಲಿಸಬಹುದಿತ್ತು. ಆದರೆ ಕೆಟ್ಟದ್ದನ್ನು ಮುಚ್ಚಿಡಬಾರದಲ್ಲ. "ಮತ್ತ... ಮಾಲಿ ನಡಾ ಮುರದೈತಿ. ನನ್ನ ಎತ್ತಿ ಎತ್ತಿ." ಹೆಂಡತಿಯ ಸೊಂಟದ ಮಾತು ಬಾಯಿಗೆ ಬಂದದ್ದೇ ಮುದಕಪ್ಪ ಅತ್ತ.

ಕಾಯತಾನ ಚಾಪೆಯ ಮೇಲೆ ಕುಳಿತು ತಂಬಾಕಿನ ಡಬ್ಬಿ ತೆಗೆದ. "ಕೆಟ್ಟಿದ್ದು ವೈನಿ ನಡಾ ಅಂದಂಗಾತು."

"ಹೂಂ."

"ಅದಕ್ಕ ನೀ ಯಾಕ ಸಾಯ್ತಿ?"

ಬಾಗಿಲಲ್ಲಿ ನಿಂತಿದ್ದ ಮಾಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಯಾರಿಗೂ ಕಾಣಲಿಲ್ಲ.

ಮರುದಿನದಿಂದ ಆ ಮನೆಯಲ್ಲಿ ಪಾಳಿ ಶುರುವಾಯಿತು. ಬೆಳಗಿನದು ಕಾಯತಾನನದು, ಸ್ನಾನ, ಕಸರತ್ತು, ಗಂಜಿ. ಮಧ್ಯಾಹ್ನ ಅದೇ ಕಾರ್ಖಾನೆಯ ನಿವೃತ್ತ ದ್ಯಾಮಪ್ಪ. ಸಂಜೆ ರಿಕ್ಷಾ ನಿಲ್ಲಿಸಿ ಸಲೀಂ. ಮಾಲವ್ವನಿಗೆ ಗಂಡನನ್ನು ಎತ್ತುವ ಕೆಲಸ ತಪ್ಪಿತು, ಅವನ ಜೊತೆ ಜಗಳಾಡುವ ಕೆಲಸವೊಂದೇ ಉಳಿಯಿತು. ಹೊರಳಿಸುವುದು, ಬೆನ್ನು ಒರೆಸುವುದು ಹೇಗೆಂದು ಜೆನಿಫರ್ ಬಂದು ಎಲ್ಲರಿಗೂ ತೋರಿಸಿಕೊಟ್ಟಳು.

ಕಾರ್ಖಾನೆಯ ರೂಢಿಯನ್ನು ಅವರು ಹಾಗೇ ಮನೆಗೂ ತಂದರು, ಅದೇ ತಪ್ಪಾಯಿತು. ಪಾಳಿ ಬದಲಾಗುವಾಗ ಕಾಯತಾನ ಮತ್ತು ದ್ಯಾಮಪ್ಪ ಹಾಸಿಗೆಯ ಆಚೆ ಈಚೆ ನಿಂತು, ಯಂತ್ರದ ಸದ್ದಿನ ನಡುವೆ ಕೂಗುವ ಹಾಗೆ ಕೂಗುತ್ತಿದ್ದರು. "ಗಂಜಿ ಒಳಗ ಹೋಗೇತಿ! ಹೊರಗಿಂದು ಇನ್ನೂ ಬಾಕಿ!" "ಎಡಭಾಗ ಬಿಸಿ ಐತೇನು?" ನಾಲ್ಕು ದಿನ ಸಹಿಸಿಕೊಂಡ ಮುದಕಪ್ಪ ಐದನೆಯ ದಿನ ಗುಡುಗಿದ. "ಲೇ, ನಾ ಇಲ್ಲೇ ಅದೇನಿ! ನನ್ನ ಹೊಟ್ಟಿ ಸುದ್ದಿ ನನ್ನ ಕೇಳ್ರಿ!" ಓಣಿಗೆಲ್ಲ ಕೇಳುವಂತೆ ಮಾಲವ್ವ ನಕ್ಕಳು. ಅಂದಿನಿಂದ ಚಾರ್ಜನ್ನು ಮುದಕಪ್ಪನೇ ಕೊಡತೊಡಗಿದ.

ಬೇಸರ ಬರಲಿಲ್ಲ ಎಂದಲ್ಲ. ಬಲಗೈಯೂ ಹೋದ ದಿನ ಗೋಡೆಗೆ ಮುಖ ಮಾಡಿ, "ಸಾಕಾಗೇತಿ" ಅಂದ. ಅಂಥ ದಿನ ಮಾಲವ್ವ ವಾದ ಮಾಡುತ್ತಿರಲಿಲ್ಲ. ಅವನ ಪಾದಕ್ಕೆ ಎಣ್ಣೆ ತಿಕ್ಕುತ್ತ ತವರಿನ ಎಮ್ಮೆಯ ಕಥೆ ಹೇಳುತ್ತಿದ್ದಳು. ಎಷ್ಟೋ ಸಲ ಕೇಳಿದ ಕಥೆ. ಅವಳೆಲ್ಲಾದರೂ ತಪ್ಪಿ ಹೇಳಿದರೆ ಮುದಕಪ್ಪ ಗೋಡೆಯ ಕಡೆಯಿಂದ ತಿರುಗಿ ತಿದ್ದುತ್ತಿದ್ದ.

ಸಭೆಯ ದಿನ ಹತ್ತಿರ ಬಂದಾಗ ಅವನು ವೀರೇಶನನ್ನು ಕರೆಸಿದ.

"ನನ್ನ ಹೆಸರ ತಗದಬಿಡು ತಮ್ಮಾ."

"ಯಾಕ ಕಾಕಾ? ಯಾರರೆ ಏನರೆ ಅಂದ್ರೇನು?"

"ಯಾರೂ ಅಂದಿಲ್ಲ. ಆ ವಾರ ನೀ ಹೇಳಿದ ಕಾನೂನು ಇಲ್ಲಿ ಇತ್ತಂದ್ರ ನಾ ಹೋಗೇಬಿಡ್ತಿದ್ದೆ. ಸ್ವಂತ ಮನಸ್ಸಿಂದ ಕೇಳೀರೇನು ಅಂತ ಡಾಕ್ಟರು ಕೇಳಿದ್ರ, ಹೂಂರಿ ಅಂತಿದ್ದೆ. ಖರೇನೂ ಅನಿಸ್ತಿತ್ತು. ಆದ್ರ ಕೇಳಿದ್ದು ನಾನಲ್ಲೋ, ನಿಮ್ಮ ಕಾಕು ನಡಾ ಕೇಳಿತ್ತು."

ವೀರೇಶ ಸುಲಭಕ್ಕೆ ಬಿಡುವವನಲ್ಲ. "ನಿಮಗ ಕಾಯತಾನ ಕಾಕಾ ಬಂದ್ರು. ಎಲ್ಲಾರಿಗೂ ಅಂಥಾವ್ರು ಎಲ್ಲಿ ಸಿಗ್ತಾರ?"

"ಸಿಗದಿದ್ದವ್ರೇ ಮೊದಲ ಹೋಗ್ತಾರ ಅಂತೇನಿ. ಮನ್ಯಾಗ ಎತ್ತಾವ್ರಿಲ್ಲದ ಮುದುಕಿ, ನಾ ಹೊರಿ ಆಗೇನಿ ಅಂತ ತಾನಾಗೇ ತಿಳ್ಕೊಂಡು ಸಹಿ ಹಾಕ್ತಾಳ. ಅಕಿಗೆ ಎತ್ತಾವ್ರನ್ನ ಹುಡುಕಿ ಕೊಡೋ. ಸೂಜಿ ಯಾಕ ಕೊಡ್ತಿ?"

"ನಮ್ಮವ್ವ?" ವೀರೇಶನ ದನಿ ಸಣ್ಣದಾಯಿತು. "ಅಕಿಗೆ ಎತ್ತಾವ್ರಿದ್ರು ಕಾಕಾ. ನಾ ಇದ್ದೆ."

ಮುದಕಪ್ಪ ಅವನ ಕಡೆ ಮುಖ ತಿರುಗಿಸಿದ. "ನಿಮ್ಮವ್ವನ ಕೂಗು ನನ್ನ ಕಿವ್ಯಾಗ ಇನ್ನೂ ಐತಿ. ಅದಕ್ಕ ನನ್ನ ಕಡೆ ಪೂರಾ ಉತ್ರ ಇಲ್ಲ. ನೋವಿನ ಔಷಧ ಪ್ರತಿ ತಾಲೂಕಾ ಆಸ್ಪತ್ರಿಯೊಳಗ ಸಿಗಬೇಕು ಅಂತ ಬರಿ, ನನ್ನ ಕೈ ಹಿಡದು ಹೆಬ್ಬೆಟ್ಟು ಒತ್ತಿಸ್ಕೋ. ನಳಿಗಿ ಹಾಕಿ ಉಸಿರ ಎಳಸಬ್ಯಾಡ್ರಿ ಅಂತ ನಾನೂ ಮಾಲಿಗೆ ಹೇಳೇನಿ. ತಾನಾಗಿ ಬರೂದನ್ನ ತಡಿಯೂದು ಬ್ಯಾಡ. ಆದ್ರ ಕರಕೊಂಡ ಬರೂದು ಬ್ಯಾರೆ."

ವೀರೇಶ ಒಪ್ಪಲಿಲ್ಲ. ಆದರೂ ಹೊರಡುವಾಗ, "ಸಭಾಕ್ಕ ಬರ್ರಿ ಕಾಕಾ. ಇದನ್ನ ಅಲ್ಲೇ ಹೇಳ್ರಿ" ಅಂದ. ಅದು ಅವನ ದೊಡ್ಡತನ.

ಸಭೆಯಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡಬೇಕು, ಯಾಕೆಂದರೆ ಮುದಕಪ್ಪ ಅಲ್ಲಿಂದ ಮನೆಗೆ ತಿರುಗಿ ಬರಲಿಲ್ಲ. ಅವನ ಮಾತು ಆಗಲೇ ಎಳೆದೆಳೆದು ಬರುತ್ತಿತ್ತು. ಹಿಂದಿನ ಸಾಲಿನವರಿಗೆ ತಿಳಿಯಲೆಂದು ಮಾಲವ್ವ ಒಂದೊಂದು ವಾಕ್ಯವನ್ನೂ ಮತ್ತೆ ಹೇಳಿದಳು. ಸೊಂಟದ ಮಾತು ಬಂದಾಗ ಮಾತ್ರ, "ಅದನ್ನ ನಾ ಹೇಳೂದಿಲ್ಲ" ಎಂದು ಹಟ ಹಿಡಿದಳು, ಇಡೀ ಸಭೆ ನಕ್ಕಿತು. ಕೆಲವರು ಹೆಸರು ಹಿಂದಕ್ಕೆ ತೆಗೆದುಕೊಂಡರು, ಹಲವರು ತೆಗೆದುಕೊಳ್ಳಲಿಲ್ಲ. ಮನವಿ ಹೋಯಿತು. ಅದರ ಜೊತೆಗೆ ನೋವಿನ ಔಷಧದ ಬೇಡಿಕೆ ಬೇರೆಯಾಗಿ ಹೋಯಿತು, ಅದರ ಮೇಲೆ ಮುದಕಪ್ಪನ ಹೆಬ್ಬೆಟ್ಟಿತ್ತು. ಸಭೆ ಮುಗಿಯುವಾಗ ಅವನಿಗೆ ಉಸಿರು ಸಿಕ್ಕಿಕೊಂಡಿತು. ಸಲೀಂ ಅಲ್ಲಿಂದಲೇ ಧಾರವಾಡದ ಆಸ್ಪತ್ರೆಗೆ ಒಯ್ದ. ಮುದಕಪ್ಪ ಹೇಳಿದ್ದಂತೆ ಉಸಿರಿನ ನಳಿಗೆ ಹಾಕಲಿಲ್ಲ, ಸಂಕಟ ಆಗದಂತೆ ಔಷಧ ಕೊಟ್ಟರು. ಕೆಲವು ದಿನದ ಮೇಲೆ ಒಂದು ಬೆಳಿಗ್ಗೆ, ಮಾಲವ್ವ ಹಣೆಗೆ ವಿಭೂತಿ ಹಚ್ಚಿದ ಮೇಲೆ, ಮುದಕಪ್ಪ ಹೋದ. ಕಲಘಟಗಿ ಕಡೆಯ ಅಣ್ಣನ ಹೊಲದಲ್ಲಿ ಮಣ್ಣು ಮಾಡಿದರು.

ಆದರೆ ಸಭೆಯ ದಿನ ಮುಂಜಾನೆ ಯಾರಿಗೂ ಸಾವಿನ ಯೋಚನೆಯಿರಲಿಲ್ಲ. ಇದ್ದದ್ದು ಅವನನ್ನು ಹೊರಗೆ ತರುವ ಯೋಚನೆ. ಮಾಲವ್ವ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಟೋಪಿ ಇಟ್ಟು, ಕಾಯತಾನ ಅವನನ್ನು ಕೈಯಿರುವ ಕುರ್ಚಿಗೆ ಕೂಡಿಸಿದ ಮೇಲೆ, ಜೋಲದಿರಲೆಂದು ಎದೆಗೆ ಧೋತರ ಕಟ್ಟಿದಳು. ಕಾಯತಾನ, ದ್ಯಾಮಪ್ಪ, ಸಲೀಂ, ವೀರೇಶ ನಾಲ್ಕೂ ಕಡೆ ಹಿಡಿದು ಎತ್ತಿದರು.

"ನಮ್ಮ ಮಂದ್ಯಾಗ ಸತ್ತವ್ರನ್ನ ಹಿಂಗ ಕುಂದರ್ಸಿ ಒಯ್ತಾರೋ ಸಲೀಂ" ಅಂದ ಮುದಕಪ್ಪ. "ನೀವು ನನ್ನ ಜೀವಂತ ಮೆರಸಾಕತ್ತೀರಿ. ಮುಂದ ಬಾರಸಾಕ ಹಲಗಿ ಎಲ್ಲಿ?"

"ಹಲಗಿ ಯಾಕ ಚಾಚಾ, ನಿಮ್ಮ ಬಾಯಿ ಐತೆಲ್ಲಾ" ಅಂದ ಸಲೀಂ.

ಬಾಗಿಲು ಕಿರಿದು. ಕುರ್ಚಿಯ ಕೈ ಚೌಕಟ್ಟಿಗೆ ತಾಗಿತು. "ಓರೆ ಮಾಡಲೇ ದ್ಯಾಮ್ಯಾ, ಮೊನ್ನೆ ಬಣ್ಣಾ ಹಚ್ಚೇತಿ!" ಎಂದು ಮುದಕಪ್ಪ ಎಳೆದೆಳೆದು ಕೂಗಿದ. ಅವರು ಹಿಂದೆ ಸರಿದು, ಓರೆ ಮಾಡಿ, ಮೊದಲು ಅವನ ಮೊಣಕಾಲು, ಆಮೇಲೆ ಟೋಪಿ, ಹೀಗೆ ಸ್ವಲ್ಪ ಸ್ವಲ್ಪವಾಗಿ ಅವನನ್ನು ಹೊಸ್ತಿಲಾಚೆಗೆ ತಂದರು. ಓಣಿಯ ಬಿಸಿಲು ಮುಖಕ್ಕೆ ಹೊಡೆದು ಅವನು ಕಣ್ಣು ಕಿರಿದು ಮಾಡಿದ. ಹಿಂದೆ ಮಾಲವ್ವ, ನೆಟ್ಟಗೆ ನಿಂತು, ಬಾಗಿಲಿಗೆ ಚಿಲಕ ಹಾಕುತ್ತಿದ್ದಳು.

"ಲಗೂ ಬಾ" ಅಂದ ಮುದಕಪ್ಪ. "ನೀ ಇಲ್ಲಂದ್ರ ನನ್ನ ಮಾತು ಯಾರಿಗೂ ತಿಳಿಯೂದಿಲ್ಲ."