ಉಣ್ಣುವವನನ್ನು ಎಬ್ಬಿಸುವ ದೃಶ್ಯ

ನನಗೆ ಗಟ್ಟಿಯಾಗಿ ಹೇಳಲು ಬರುವುದು ಎರಡೇ ಮಾತು. ಒಂದು ‘ಆ್ಯಕ್ಷನ್’, ಇನ್ನೊಂದು ‘ಕಟ್’. ಮಿಕ್ಕಿದ್ದನ್ನೆಲ್ಲ ನಾನು ಗೊಣಗುತ್ತೇನೆಂದು ಮನೆಯವಳ ದೂರು. ಸಿನಿಮಾ ನಿರ್ದೇಶಕನ ಕೆಲಸವೆಂದರೆ ಈ ಎರಡು ಮಾತುಗಳ ನಡುವೆ ಕುರ್ಚಿಯ ತುದಿಯಲ್ಲಿ ಕೂತು ಉಸಿರು ಬಿಗಿಹಿಡಿಯುವುದು, ಅಷ್ಟೆ. ಮೊದಲನೆಯದನ್ನು ಯಾರು ಬೇಕಾದರೂ ಹೇಳಬಹುದು. ಎರಡನೆಯದನ್ನು ಯಾವಾಗ ಹೇಳಬೇಕೆಂದು ಕಲಿಯುವುದರಲ್ಲೇ ನನ್ನ ತಲೆ ನರೆತುಹೋಯಿತು.

ನಮ್ಮ ಕಡೆ ಈ ಕೆಲಸವನ್ನು ಕೆಲಸವೆಂದು ಒಪ್ಪಿಸುವುದೇ ದೊಡ್ಡ ಕಷ್ಟ. ಭಾರತೀನಗರದಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದಾಗ ಪರಿಚಯದ ಗೌಡರೊಬ್ಬರು ಸಿಕ್ಕಿ, “ಏನ್ ಮಾಡ್ಕಂಡಿದ್ದೀಯಪ್ಪ ಈಗ?” ಅಂದರು. ಸಿನಿಮಾ ಡೈರೆಕ್ಟರ್ ಎಂದೆ. “ಅದು ಸರಿ ಕಣಪ್ಪ, ಒಟ್ಟೆಪಾಡಿಗೆ ಏನ್ ಮಾಡ್ಕಂಡಿದ್ದೀಯೆ?” ಅಂದರು. ಅವರ ಹಿಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಕಾರ್ಖಾನೆಯ ಕಡೆ ಸಾಲುಗಟ್ಟಿ ನಿಂತಿದ್ದವು. ಅಷ್ಟು ಕಬ್ಬಿನ ಎದುರು ನಿಂತು ‘ಕತೆ ಬರೀತೀನಿ’ ಅನ್ನಲು ನನಗೂ ನಾಚಿಕೆಯಾಯಿತು.

ಗೌಡರದೂ ತಪ್ಪಲ್ಲ. ನಾನು ಬೆಂಗಳೂರಿಗೆ ಹೋಗಿ ಬಹಳ ಕಾಲ ಮಾಡಿದ್ದು ಬೇರೆ ನಿರ್ದೇಶಕರಿಗೆ ಕೊಡೆ ಹಿಡಿಯುವ ಕೆಲಸ. ಆಮೇಲೆ ನನ್ನದೇ ಒಂದು ಚಿತ್ರವಾಯಿತು. ಮಂಡ್ಯದಲ್ಲಿ ಅದು ಬಂದದ್ದೂ ಹೋದದ್ದೂ ನೆಂಟರಿಗೆ ತಿಳಿಯುವ ಮೊದಲೇ ಮುಗಿದಿತ್ತು. ನೋಡಿದ ಒಬ್ಬಿಬ್ಬರು “ಚಂದಾಗದೆ, ಆದ್ರೆ ಫೈಟೇ ಇಲ್ವಲ್ಲಪ್ಪ” ಎಂದು ಸಂತಾಪ ಸೂಚಿಸಿದರು. ಎರಡನೆಯ ಚಿತ್ರವನ್ನು ಹೊರದೇಶದವರು ನೋಡಿ ಚಪ್ಪಾಳೆ ತಟ್ಟಿದರಂತೆ. ಊರಿನವರು ನೋಡಲಿಲ್ಲ. ಮೂರನೆಯದು ಇನ್ನೂ ಡಬ್ಬದಲ್ಲಿದೆ ಎನ್ನಬೇಕು. ಈಗ ಡಬ್ಬವೂ ಇಲ್ಲ, ಹಾರ್ಡ್ ಡಿಸ್ಕಿನಲ್ಲಿದೆ.

ಇಷ್ಟಾದ ಮೇಲೆ ಬುದ್ಧಿ ಇರುವವನು ಊರಿಗೆ ಬಂದು ಎಮ್ಮೆ ಕಟ್ಟಿಕೊಳ್ಳುತ್ತಿದ್ದ. ನಾನು ಬಿಡಲಿಲ್ಲ. ನಾನು ಸಿನಿಮಾಕ್ಕೆ ಹೋದದ್ದೇ ಒಂದು ದೃಶ್ಯಕ್ಕಾಗಿ. ಅದನ್ನು ತೆಗೆಯದೆ ಸಾಯಬಾರದು ಎಂಬ ಹಠ ನನಗೆ ಚಿಕ್ಕಂದಿನಿಂದ ಇತ್ತು.

ನಾನು ಚಿಕ್ಕವನಿದ್ದಾಗ ಮಳವಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ಬೀಗರೂಟ. ಆ ಮನೆಯ ಯಜಮಾನನಿಗೂ ನಮ್ಮಪ್ಪನಿಗೂ ನಾಲೆ ನೀರಿನ ಸರದಿಯ ಮೇಲೆ ಜಗಳವಾಗಿ ಮಾತು ಬಿಟ್ಟುಹೋಗಿತ್ತು. ಆದರೆ ಯಜಮಾನನ ಹೆಂಡತಿ ಅಪ್ಪನಿಗೆ ದೂರದಲ್ಲಿ ತಂಗಿಯಾಗಬೇಕು. ಅವಳು ಕರೆದಳು, ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಪಂಕ್ತಿಯಲ್ಲಿ ಕೂತಿದ್ದೇವೆ, ಮುದ್ದೆ ಮುರಿದಿದ್ದೇವೆ, ಸಾರು ಬಿದ್ದಿದೆ. ಯಜಮಾನ ಬಂದು ಅಪ್ಪನ ಎಲೆಯ ಮುಂದೆ ನಿಂತು, “ಮೇಲೇಳ್ಲಾ. ಯಾವ ಮಕ ಇಟ್ಕಂಡು ನಮ್ಮನೇಲಿ ಉಣ್ಣಕ್ಕೆ ಕೂತಿದ್ದೀಯೆ?” ಅಂದ. ಅಪ್ಪ ಕೈಯಲ್ಲಿನ ತುತ್ತನ್ನು ಎಲೆಗೆ ಬಿಟ್ಟು ಎದ್ದ. ಹೊರಗೆ ಬಂದು ನನ್ನ ಕೈ ತೊಳೆಸಿದ. ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನನಗೆ ಇಡ್ಲಿ ಕೊಡಿಸಿ ತಾನು ಬರೀ ಟೀ ಕುಡಿದ.

ಆಮೇಲೆ ಅಪ್ಪ ಯಾವ ಮದುವೆಯಲ್ಲೂ ಪಂಕ್ತಿಗೆ ಕೂರಲಿಲ್ಲ. ಹೋದ ತಕ್ಷಣ ಪಂಚೆ ಮೇಲೆ ಕಟ್ಟಿ ಸಾರಿನ ಬಕೆಟ್ ಹಿಡಿದುಬಿಡುತ್ತಿದ್ದ. ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಮಾಯ. ಬಡಿಸುವುದರಲ್ಲಿ ನಿಮ್ಮಪ್ಪನ ಕೈ ದೊಡ್ಡದು ಎಂದು ನೆಂಟರೆಲ್ಲ ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಈ ಬಗ್ಗೆ ಅಪ್ಪ ಒಂದು ದಿನವೂ ಬಾಯಿ ಬಿಡಲಿಲ್ಲ, ನಾನೂ ಕೇಳಲಿಲ್ಲ. ಆದರೆ ಅವತ್ತು ಆದದ್ದನ್ನು ನಾಲ್ಕು ಜನ ನೋಡಬೇಕು, ನೋಡಿ ಅವರ ಗಂಟಲಲ್ಲೂ ಅನ್ನ ಇಳಿಯದಂತಾಗಬೇಕು ಎಂಬುದು ನನ್ನ ಛಲ.

ಹಳೆಯ ಕಾಲದ ನಾಟ್ಯಪಂಡಿತರು ರಂಗದ ಮೇಲೆ ಊಟ ಮಾಡುವುದನ್ನು ತೋರಿಸಬಾರದು ಎಂದು ನಿಯಮ ಮಾಡಿದ್ದರಂತೆ. ಶಿಷ್ಟಾಚಾರಕ್ಕಾಗಿ ಎಂದು ವಿದ್ವಾಂಸರು ಹೇಳುತ್ತಾರೆ. ನನಗೆ ಬೇರೆಯೇ ಅನುಮಾನ. ಆ ಪಂಡಿತರು ಒಮ್ಮೆ ನಮ್ಮ ಮದ್ದೂರಿನ ಕಡೆಯವರನ್ನು ಕರೆದು ಊಟದ ದೃಶ್ಯ ಆಡಿಸಿ ನೋಡಿರಬೇಕು. ಅವರ ಪಾಡು ಏನಾಗಿರಬಹುದೆಂದು ನನಗೆ ನಾಲ್ಕನೆಯ ಚಿತ್ರದಲ್ಲಿ ಗೊತ್ತಾಯಿತು.

ಚಿತ್ರೀಕರಣ ನಮ್ಮೂರಲ್ಲೇ. ಅಪ್ಪನ ಪಾತ್ರಕ್ಕೆ ಮಂಜು ಎಂಬ ಮೈಸೂರಿನ ನಾಟಕದ ಹುಡುಗ, ಯಜಮಾನನ ಪಾತ್ರಕ್ಕೆ ನನ್ನ ಸೋದರಮಾವ ಬೋರೇಗೌಡ. ಮಾವನದು ನಾಲೆಯ ಆಚೆ ದಡಕ್ಕೂ ಕೇಳುವ ಗಂಟಲು. ಪಂಕ್ತಿಯಲ್ಲಿ ಕೂರಲು ಊರಿನ ಜನ. ಊಟ ಸುಳ್ಳಾದರೆ ಮುಖವೂ ಸುಳ್ಳಾಗುತ್ತದೆಂದು ನಿಜವಾದ ಬಾಡೂಟವನ್ನೇ ಮಾಡಿಸಿದ್ದೆ. ಅಪ್ಪನಿಗೆ ಏನೋ ಮದುವೆ ಕತೆ ಎಂದಷ್ಟೇ ಹೇಳಿದ್ದೆ. ಅವನು ಬಂದವನೇ ಪಂಚೆ ಕಟ್ಟಿ ಬಕೆಟ್ ಹಿಡಿದ. ಇರಲಿ, ದೃಶ್ಯಕ್ಕೆ ಬಡಿಸುವವರೂ ಬೇಕಲ್ಲ ಎಂದು ಸುಮ್ಮನಾದೆ. ಕ್ಯಾಮೆರಾದವರು ಮಾರನೇ ದಿನ ಬೇರೆ ಚಿತ್ರಕ್ಕೆ ಹೋಗುವವರು. ಏನೇ ಆದರೂ ಅವತ್ತೇ ಮುಗಿಯಬೇಕಿತ್ತು.

‘ಆ್ಯಕ್ಷನ್’ ಎಂದೆ. ಮಾವ ಮೀಸೆ ತಿರುವಿಕೊಂಡು ಬಂದು ಮಂಜುವಿನ ಎಲೆಯ ಮುಂದೆ ನಿಂತ. ಎಲೆ ನೋಡಿದ. “ಇನ್ನೊಂದ್ ಮುದ್ದೆ ಆಕಿಸ್ಲೇನಪ್ಪ?” ಅಂದ.

‘ಕಟ್’ ಎಂದೆ. ಕಟ್ ಎಂದರೂ ಯಾರೂ ಉಣ್ಣುವುದನ್ನು ನಿಲ್ಲಿಸಲಿಲ್ಲ, ಅದು ಬೇರೆ ವಿಷಯ. ಮತ್ತೆ ಎಲೆ ಹಾಸಿ, ಮತ್ತೆ ಬಡಿಸಿ, ಮತ್ತೆ ತೆಗೆದೆವು. ಮಾವ ಈ ಸಲ ಬಾಯಿ ತೆರೆದು, ಹಾಗೇ ಮುಚ್ಚಿ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಆಚೆಗೆ ಹೋಗಿಬಿಟ್ಟ. ನನಗೆ ರೇಗಿತು.

“ಮಾವ, ಇದು ನಟನೆ ಕಣೋ. ದಿಟವಾಗ್ಲೂ ಎಬ್ಬಿಸು ಅಂದ್ನಾ ನಾನು?”

“ನಟನೆ ಆದ್ರೂವೆ ಎಲೆ ದಿಟದ್ದಲ್ವೇನ್ಲಾ? ಅವನ ಬಾಯಲ್ಲಿರೋ ತುತ್ತು ದಿಟದ್ದಲ್ವಾ? ನೀ ಯಾವ ಬೈಗುಳ ಬೇಕಾದ್ರೂ ಬಯ್ಯಿಸು, ಬಯ್ತೀನಿ. ಕೊಲೆ ಮಾಡು ಅನ್ನು, ಅದ್ನೂ ಮಾಡ್ತೀನಿ. ಉಣ್ತಾ ಕೂತಿರೋನ್ನ ಮೇಲೇಳು ಅನ್ನಕ್ಕೆ ನನ್ ನಾಲ್ಗೆ ಒರಳಾಕಿಲ್ಲ ಬುಡು.”

ಪಂಕ್ತಿಯಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದೆ. ಹೋಟೆಲ್ಲಿನಲ್ಲಿ, ಬಸ್ಸಿನಲ್ಲಿ, ಪಂಚಾಯ್ತಿ ಕಟ್ಟೆಯಲ್ಲಿ ಎಂಥವನ ಮಾನವನ್ನಾದರೂ ನಿಂತಲ್ಲೇ ಹರಾಜು ಹಾಕುವ ಜನ, ಒಬ್ಬರಾದರೂ ಒಪ್ಪಲಿಲ್ಲ. ಹೋಗಲಿ, ಊಟವಿಲ್ಲದ ಬರೀ ಎಲೆ ಇಡೋಣ ಎಂದೆ. ಬರೀ ಎಲೆ ಮುಂದೆ ಕೂರಿಸುವುದು ಅದಕ್ಕಿಂತ ಕೆಟ್ಟದ್ದು ಎಂದು ಹೆಂಗಸರು ಜಗಳಕ್ಕೇ ನಿಂತರು. ಬಿಸಿಲು ಇಳಿಯುತ್ತಿತ್ತು. ಕ್ಯಾಮೆರಾದವನು ಆಕಾಶ ನೋಡುತ್ತಿದ್ದ.

ಅಷ್ಟು ವರ್ಷ ಕಾದದ್ದನ್ನು ಇವರ ಮರ್ಯಾದೆಗೆ ಬಲಿಕೊಡಲು ನಾನು ಸಿದ್ಧನಿರಲಿಲ್ಲ. ಮಾವನ ಪೇಟ ಕಿತ್ತು ನನ್ನ ತಲೆಗೆ ಸುತ್ತಿಕೊಂಡೆ. ಕ್ಯಾಮೆರಾ ಓಡಿಸಿ, ಕಟ್ ನಾನೇ ಹೇಳುತ್ತೇನೆ ಎಂದು ಸಹಾಯಕನಿಗೆ ಹೇಳಿ ಪಂಕ್ತಿಯ ನಡುವೆ ನಡೆದು ಮಂಜುವಿನ ಎದುರು ನಿಂತೆ.

ನಟನೆ ನನಗೆ ಬರುವುದಿಲ್ಲ. ಆದರೆ ಆ ಮಾತನ್ನು ನಾನು ಬಾಯಿಪಾಠ ಮಾಡಬೇಕಿರಲಿಲ್ಲ. “ಮೇಲೇಳ್ಲಾ. ಯಾವ ಮಕ ಇಟ್ಕಂಡು ನಮ್ಮನೇಲಿ ಉಣ್ಣಕ್ಕೆ ಕೂತಿದ್ದೀಯೆ?” ಎಂದೆ. ಅದೇ ದನಿ, ಅದೇ ಏರಿಳಿತ, ಹೇಗೆ ಬಂತೋ ಬಂದುಬಿಟ್ಟಿತು. ಪಂಕ್ತಿಯ ಕೈಗಳೆಲ್ಲ ನಿಂತವು. ಮಂಜು ತಲೆ ಬಗ್ಗಿಸಿಕೊಂಡು ಏಳತೊಡಗಿದ. ಒಳ್ಳೆಯ ನಟ, ಕೈಯಲ್ಲಿನ ತುತ್ತನ್ನು ಎಲೆಗೆ ಬಿಟ್ಟದ್ದು ಕೂಡ ಅಪ್ಪ ಬಿಟ್ಟ ಹಾಗೇ ಇತ್ತು.

ಆಗ ಪಂಕ್ತಿಯ ತುದಿಯಲ್ಲಿ ಬಕೆಟ್ ನೆಲಕ್ಕಿಟ್ಟ ಸದ್ದಾಯಿತು. ಅಪ್ಪ ನಡೆದುಬಂದ. ಇದು ಕತೆಯಲ್ಲಿ ಇರಲಿಲ್ಲ. ಬಂದವನು ನನ್ನನ್ನು ನೋಡಲಿಲ್ಲ. ಮಂಜುವಿನ ಭುಜ ಹಿಡಿದು ಕೆಳಗೆ ಕೂರಿಸಿದ.

“ಕೂತ್ಕೊ ಮಗ. ಅಂದೋನು ಅಂದ್ಕಳ್ಳಿ. ನೀನ್ ಏಳ್ಬೇಡ. ಎದ್ರೆ ಆಮೇಲೆ ಕೂರಕ್ಕಾಗಾಕಿಲ್ಲ.”

ಹಾಗೆಂದು ಅವನ ಪಕ್ಕದಲ್ಲಿ, ಪಂಕ್ತಿಯಲ್ಲಿ, ಚಕ್ಕಳಮಕ್ಕಳ ಹಾಕಿ ಕೂತ. “ನಂಗೂ ಒಂದ್ ಎಲೆ ಆಕ್ರಪ್ಪ” ಅಂದ.

ಸಹಾಯಕ ನನ್ನ ಕಡೆ ನೋಡಿದ. ಕ್ಯಾಮೆರಾದವನೂ ನೋಡಿದ. ನಾನು ‘ಕಟ್’ ಎನ್ನಲಿಲ್ಲ. ಮಾವ ಎಲ್ಲಿಂದಲೋ ಎಲೆ ತಂದು ಹಾಸಿದ. ನಾನು ಆ ಯಜಮಾನನ ಪೇಟದಲ್ಲೇ ಹೋಗಿ ಬಕೆಟ್ ಜೊತೆ ಮುದ್ದೆಯ ತಟ್ಟೆಯನ್ನೂ ಎತ್ತಿಕೊಂಡು ಬಂದು ಅಪ್ಪನಿಗೆ ಮುದ್ದೆ ಇಟ್ಟೆ, ಸಾರು ಬಿಟ್ಟೆ. ಸಾರು ಎಲೆಯಿಂದ ಆಚೆಗೂ ಹರಿಯಿತು. ಅಪ್ಪ ಒಂದು ತುತ್ತು ನುಂಗಿ, “ಉಪ್ಪು ಕಮ್ಮಿ ಕಣ್ಲಾ” ಅಂದ. ಮತ್ತೆ ಉಣ್ಣತೊಡಗಿದ.

ಚಿತ್ರ ಈಗ ಸಂಕಲನದಲ್ಲಿದೆ. ಬಿಡುಗಡೆ ಯಾವಾಗ, ಯಾರು ಮಾಡುತ್ತಾರೆ ಎಂದು ಕೇಳಬೇಡಿ. ಯಾರೂ ಮುಂದೆ ಬರದಿದ್ದರೆ ಮಾರಿಗುಡಿ ಮುಂದೆ ಪರದೆ ಕಟ್ಟಿ ನಾನೇ ತೋರಿಸುತ್ತೇನೆ. ಫೈಟಂತೂ ಇದರಲ್ಲೂ ಇಲ್ಲ. ನಾನು ತೆಗೆಯಬೇಕೆಂದು ಹೊರಟ ದೃಶ್ಯವೂ ಇಲ್ಲ. ಸಂಕಲನದ ಹುಡುಗಿಗೆ ಇದೇ ತಲೆನೋವು. ಮುದುಕರೊಬ್ಬರು ಸುಮ್ಮನೆ ಉಣ್ಣುತ್ತಲೇ ಇದ್ದಾರೆ, ಕಟ್ ಅಂದದ್ದೇ ಕೇಳಿಸುವುದಿಲ್ಲ, ಜನ ಎದ್ದುಹೋಗುತ್ತಾರೆ ಸರ್, ಎಲ್ಲಿಗೆ ಕತ್ತರಿಸಲಿ ಎಂದು ಮೊನ್ನೆ ಮತ್ತೆ ಕೇಳಿದಳು.

“ಅವರು ಉಂಡು ಕೈ ತೊಳೆದ ಮೇಲೆ” ಎಂದೆ. ಗೊಣಗಲಿಲ್ಲ, ಗಟ್ಟಿಯಾಗೇ ಹೇಳಿದೆ.