ಸೂಜಿ ಅಕ್ಕ ಹಾಕಿದ ಬೀಗ

ನನ್ನ ಅಕ್ಕ ಹೊಲಿಗೆ ಮೆಷಿನ್ ರಿಪೇರಿ ಮಾಡುವವಳು. ಎಲ್ಲರೂ ಅವಳನ್ನು ಸೂಜಿ ಅಕ್ಕ ಎನ್ನುತ್ತಾರೆ. ಅವಳ ಅಂಗಡಿಯಲ್ಲೇ ನಾನು ಬಾಬಿನ್, ಬೆಲ್ಟು ಮಾರುತ್ತೇನೆ. ಇದೊಂದು ಸಾಲದೆಂದು ಅವಳು ಟೈಲರುಗಳಿಗಾಗಿ ಇಂಟರ್‌ನೆಟ್ಟಿನಲ್ಲಿ ಪುಟ್ಟದೊಂದು ಸರ್ವರನ್ನೂ, ಅಂದರೆ ಹರಟೆಕಟ್ಟೆಯನ್ನೂ, ನಡೆಸುತ್ತಾಳೆ. ಮುನ್ನೂರು ಜನ ಅಲ್ಲಿ ಹೊಲಿದ ಬಟ್ಟೆಯ ಫೋಟೋ ಹಾಕಿ ಹರಟುತ್ತಾರೆ. ಇಂಥ ಸರ್ವರುಗಳು ಎಷ್ಟೋ ಇವೆ. ಒಂದೊಂದಕ್ಕೂ ಒಬ್ಬ ಯಜಮಾನ, ಆದರೂ ಒಂದಕ್ಕೊಂದು ನಂಟು. ಬೇರೆ ಕಡೆ ಹಾಕಿದ ಚಿತ್ರದ ಪ್ರತಿ ನಮ್ಮಲ್ಲಿಗೂ ಬಂದು ಕೂರುತ್ತದೆ. ಹೊಲಸು ಯಾರದೋ, ಗುಡಿಸುವವಳು ನಮ್ಮಕ್ಕ. ಯಾರಿಗೆ ಬೇಕಿತ್ತು ಈ ಊರ ಉಸಾಬರಿ ಎಂದು ನಾನು ದಿನಕ್ಕೊಮ್ಮೆಯಾದರೂ ಗೊಣಗುತ್ತೇನೆ.

ಅವಳದೊಂದು ನಿಯಮವಿತ್ತು. ಕೆಟ್ಟ ಚಿತ್ರ ಕಂಡರೆ, ಅಳಿಸುವ ಮೊದಲು ಹಾಕಿದವನ ಹೆಸರು, ಹಾಕಿದ ಹೊತ್ತು, ಚಿತ್ರದ ಲಿಂಕು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ನಾಳೆ ಪೊಲೀಸರು ಕೇಳಿದರೆ ಬರೀ ಬಾಯಿಮಾತು ನಡೆಯುವುದಿಲ್ಲ.

ಆ ಮಧ್ಯಾಹ್ನ ಬೇರೊಂದು ಸರ್ವರಿನಿಂದ ಒಬ್ಬ ಹುಡುಗಿಯ ದೂರು ಬಂತು. ಇಂಟರ್‌ವ್ಯೂಗೆಂದು ಹೊಲಿಸಿದ ಡ್ರೆಸ್ಸನ್ನು ಅಂಗಡಿಯಲ್ಲೇ ಹಾಕಿ ನೋಡುವಾಗ ಯಾರೋ ಕದ್ದು ಫೋಟೋ ತೆಗೆದು ತನ್ನ ಸರ್ವರಿನಲ್ಲೇ ಹಾಕಿದ್ದಾರೆ, ಅದೀಗ ಎಲ್ಲ ಕಡೆ ಓಡಾಡುತ್ತಿದೆ, ಮನೆಯಲ್ಲಿ ಹೇಳಿಲ್ಲ, ಅಳಿಸಿ ಎಂದರೆ ಸರ್ವರಿನ ಯಜಮಾನ ನಗುತ್ತಾನೆ. ಕೊನೆಗೊಂದು ಸಾಲು: "ನೀವಾದ್ರೂ ಕೈ ಬಿಡಬೇಡಿ ಅಕ್ಕ."

ಚಿತ್ರ ನೋಡಿ ಅಕ್ಕನ ಮುಖ ಕಪ್ಪಿಟ್ಟಿತು. ಟೈಲರುಗಳಿಂದಲೇ ಅನ್ನ ತಿನ್ನುವವಳು ಅವಳು. ಆ ಇಡೀ ಸರ್ವರನ್ನೇ ಬ್ಲಾಕ್ ಮಾಡಿಬಿಟ್ಟಳು. ಅಲ್ಲಿಂದ ಬಂದದ್ದೆಲ್ಲ ನಮ್ಮಲ್ಲಿ ಅಳಿಸಿಹೋಯಿತು. ಪೀಡೆ ತೊಲಗಿತು ಎಂದು ನಾನೂ ಖುಷಿಪಟ್ಟೆ.

ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ ಮೇಲೆ ಅವಳಿಗೆ ಹೊಳೆಯಿತು. ನೋಟ್‌ಬುಕ್ಕಿನಲ್ಲಿ ಒಂದಕ್ಷರವಿಲ್ಲ. ಹುಡುಗಿಯ ಖಾತೆಯೂ ಅದೇ ಸರ್ವರಿನದು, ಅವಳ ಜೊತೆಗಿನ ಮಾತೂ ಕಡಿದುಹೋಗಿತ್ತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಗಿತ್ತು. ತಕ್ಷಣ ಬ್ಲಾಕ್ ತೆಗೆದಳು. ಆದರೆ ಅಷ್ಟರಲ್ಲಿ ಆ ಯಜಮಾನ ಸೇಡಿಗೆ ನಮ್ಮನ್ನೂ ಬ್ಲಾಕ್ ಮಾಡಿದ್ದ. ಬರೆದದ್ದೊಂದೂ ಅತ್ತ ಹೋಗಲಿಲ್ಲ.

"ಆ ಮಗು ಏನಾದ್ರೂ ಮಾಡ್ಕೊಂಡ್ರೆ ಏನೇ ಗತಿ?" ಎಂದಳು ಅಕ್ಕ. ಬಾಯಿಬಡುಕಿ ನಾನು, ಅವಳ ಪಕ್ಕಕ್ಕೆ ಸ್ಟೂಲು ಎಳೆದುಕೊಂಡೆ.

ಇದ್ದದ್ದು ಒಂದೇ ದಾರಿ. ಆ ದರಿದ್ರದವನ ಸರ್ವರಿನಲ್ಲೇ ಬೇರೆ ಹೆಸರಿನಿಂದ ಖಾತೆ ತೆರೆಯಬೇಕು, ಅದಕ್ಕೆ ಅವನೇ ಒಪ್ಪಿಗೆ ಕೊಡಬೇಕು. ಯಾಕೆ ಸೇರುತ್ತೀರಿ ಎಂಬ ಪ್ರಶ್ನೆಗೆ ಅಕ್ಕ ಹಲ್ಲು ಕಚ್ಚಿಕೊಂಡು, ಫೋಟೋ ನೋಡುವುದಕ್ಕೆ ಎಂದು ಬರೆದಳು. ಐದೇ ನಿಮಿಷದಲ್ಲಿ ಒಪ್ಪಿಗೆ ಬಂತು. ನನಗೆ ಮೈಯೆಲ್ಲ ಉರಿದುಹೋಯಿತು.

ಒಳಗೆ ಹೋಗಿ ಹುಡುಕಿದರೆ, ಚಿತ್ರ ಹಾಕಿದವನು ಅದನ್ನು ತೆಗೆದು ಖಾತೆಯನ್ನೂ ಮುಚ್ಚಿಕೊಂಡು ಜಾಗ ಖಾಲಿ ಮಾಡಿದ್ದ. ಅಕ್ಕ ಹುಡುಗಿಗೆ ಬರೆದಳು: "ನಾನು ಸೂಜಿ ಅಕ್ಕ. ತಪ್ಪಾಯ್ತು. ಕೈ ಬಿಟ್ಟಿಲ್ಲ."

ಮುಕ್ಕಾಲು ಗಂಟೆ ಉತ್ತರವಿಲ್ಲ. ಗಿರಾಕಿಯೊಬ್ಬರು ಬೆಲ್ಟು ಕೇಳಿದರೆ ನಾನು ಬಾಬಿನ್ ಕೊಟ್ಟು ಬೈಸಿಕೊಂಡೆ. ಅಕ್ಕ ಕೂತಲ್ಲಿಂದ ಏಳಲಿಲ್ಲ. ಆಮೇಲೆ ಫೋನ್ ಮಿನುಗಿತು.

"ನೀವೂ ಬಾಗ್ಲು ಹಾಕ್ಕೊಂಡ್ರಿ ಅಂದ್ಕೊಂಡೆ. ಅವನ ಹೆಸರು, ಟೈಮು ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೀನಿ. ಆದ್ರೆ ನನಗೆ ಅದನ್ನ ಇನ್ನೊಂದ್ಸಲ ನೋಡೋಕಾಗಲ್ಲ. ನೀವು ನೋಡ್ತೀರಾ?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಮೊದಲು ನೋಟ್‌ಬುಕ್ ತೆರೆದಳು. ಆಮೇಲೆ ಬರೆದಳು: "ಕಳಿಸು ಮಗಳೇ. ನಾನು ನೋಡ್ತೀನಿ."