ಹೀಗೆಂದು ತಿಳಿದಿದ್ದೆ

ರೋಗಗಳನ್ನು ಹೆಸರು ಹಿಡಿದು ಕರೆಯಬಲ್ಲವರು ನಮ್ಮ ವೈದ್ಯಕೀಯ ಕಾಲೇಜಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಹೆಸರನ್ನೇ ತಡೆದು ನಿಲ್ಲಿಸಿ, ನಿನ್ನನ್ನು ಇಟ್ಟವರು ಯಾರು, ಏನು ಕಂಡು ಇಟ್ಟರು ಎಂದು ವಿಚಾರಿಸಿದವರು ರೋಗಶಾಸ್ತ್ರ ವಿಭಾಗದ ನಮ್ಮ ಮೇಷ್ಟ್ರೊಬ್ಬರೇ. ಮೂವತ್ತಾರು ವರ್ಷ ಒಂದೇ ಕಿಟಕಿಯ ಪಕ್ಕ ಕುಳಿತು, ರೋಗದ ಬಗೆಗಿನ ತಿಳಿವಳಿಕೆ ಹೇಗೆ ಮಗ್ಗುಲು ಬದಲಾಯಿಸುತ್ತದೆ ಎಂಬುದನ್ನು ಎರಡು ತಲೆಮಾರಿನ ವೈದ್ಯರಿಗೆ ಕಲಿಸಿದ ಈ ಹಿರಿಯರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ಪ್ರಬಂಧಗಳ ಕುರಿತು ಬಲ್ಲವರು ಈ ಅಭಿನಂದನಾ ಸಂಪುಟದಲ್ಲಿ ಬರೆದಿದ್ದಾರೆ. ಅದೇ ವಿಭಾಗದಲ್ಲಿ ರೋಗಿಗಳ ಅಂಗದ ತುಣುಕುಗಳಿಗೆ ಮೇಣದ ಅಚ್ಚು ಹಾಕುತ್ತಾ ತಲೆ ನರೆತ ನಮ್ಮಂಥವರ ನೆನಪಿನಲ್ಲಿ ಉಳಿದಿರುವುದು ಒಂದೇ ಒಂದು ಪದದ ಕಥೆ. ಆ ಪದ 'ಕೊಳೆ'.

ಕೆಲಸಕ್ಕೆ ಸೇರಿದಾಗ ಮೇಷ್ಟ್ರಿಗೆ ಮೀಸೆ ಸರಿಯಾಗಿ ಕೂತಿರಲಿಲ್ಲ, ಓದಿದ್ದು ಮಾತ್ರ ಗಟ್ಟಿಯಾಗಿ ಕೂತಿತ್ತು. ಹೊಟ್ಟೆಯ ಹುಣ್ಣಿಗೆ ಚಿಂತೆ, ಖಾರ, ಉಕ್ಕುವ ಆಮ್ಲ ಇವೇ ಕಾರಣವೆಂದು ಆಗಿನ ಪುಸ್ತಕಗಳು ಒಂದೇ ಬಾಯಲ್ಲಿ ಹೇಳುತ್ತಿದ್ದವು. ಆ ಆಮ್ಲದಲ್ಲಿ ಯಾವ ಜೀವಿಯೂ ಬದುಕಲಾರದು ಎಂಬುದರಲ್ಲಿ ಮೇಷ್ಟ್ರಿಗೆ ಅನುಮಾನವೇ ಇರಲಿಲ್ಲ. ಹಾಗಾಗಿ ಹುಣ್ಣಿನ ತುಣುಕುಗಳ ಸ್ಲೈಡುಗಳಲ್ಲಿ ಕೊಂಕಿದ ಸಣ್ಣ ಗೆರೆಗಳು ಮತ್ತೆ ಮತ್ತೆ ಕಂಡಾಗ ರಿಜಿಸ್ಟರಿನಲ್ಲಿ 'ಕೊಳೆ' ಎಂದು ಬರೆದರು. 'ತೊಳೆದವರ ತಪ್ಪು' ಎಂದೂ ಸೇರಿಸಿದರು.

ತೊಳೆಯುತ್ತಿದ್ದವರು ಸ್ಲೈಡಕ್ಕ. ಎಲ್ಲರೂ ಹಾಗೆಂದೇ ಕರೆಯುತ್ತಿದ್ದ ಆ ಹೆಂಗಸಿಗೆ ಕೆಲಸವೇ ಮಾನ. ಅವರು ಒರೆಸಿಟ್ಟ ಗಾಜಿನ ಮೇಲೆ ನೊಣ ಕೂತರೂ ಜಾರಬೇಕು. ರಿಜಿಸ್ಟರಿನ ಸುದ್ದಿ ಕಿವಿಗೆ ಬಿದ್ದ ದಿನ ಸೀದಾ ಮೇಷ್ಟ್ರ ಮೇಜಿನ ಮುಂದೆ ಬಂದು ನಿಂತರು.

"ಸಾರ್, ನನ್ನ ಕೈ ಕೊಳಕು ಅಂತ ಬರ್ದಿದೀರಂತೆ. ಹಾಗಿದ್ರೆ ಎಲ್ಲಾ ಸ್ಲೈಡಲ್ಲೂ ಇರ್ಬೇಕಲ್ವಾ? ಕಿಡ್ನೀದ್ರಲ್ಲಿಲ್ಲ, ಲಿವರ್‌ದ್ರಲ್ಲಿಲ್ಲ. ಹೊಟ್ಟೇದ್ರಲ್ಲಿ ಮಾತ್ರ ಇದೆ ಅಂದ್ರೆ, ನಂಗೇನು ಜನರ ಹೊಟ್ಟೆ ಮೇಲೆ ಹಗೇನಾ?"

"ಪುಸ್ತಕದಲ್ಲಿ ಹಾಗಿಲ್ಲಮ್ಮ. ಹೋಗಿ, ಇನ್ನೊಂದ್ಸಲ ತೊಳೀರಿ."

ವಾರದೊಳಗೆ ಅವರನ್ನು ಕಾರಿಡಾರ್ ಗುಡಿಸುವ ಕೆಲಸಕ್ಕೆ ಹಾಕಲಾಯಿತು. ಹನ್ನೊಂದು ವರ್ಷದ ಕೈಕೆಲಸಕ್ಕೆ ಕೊಳಕಿನ ಹಣೆಪಟ್ಟಿ ಬಿತ್ತು. ತೊಳೆಯಲು ಬೇರೆಯವರು ಬಂದರು. ಕೈ ಬದಲಾಯಿತೇ ಹೊರತು ಸ್ಲೈಡಿನ ಗೆರೆ ಬದಲಾಗಲಿಲ್ಲ, ಮೇಷ್ಟ್ರು ಬರೆಯುವ ಪದವೂ ಬದಲಾಗಲಿಲ್ಲ. ಎದುರಿಗೆ ಸಿಕ್ಕಾಗಲೆಲ್ಲ ಸ್ಲೈಡಕ್ಕ ಪೊರಕೆಯನ್ನು ಗೋಡೆಗೆ ಆನಿಸಿ, "ಕೊಳೆ ಹೋಯ್ತಾ ಸಾರ್?" ಎಂದು ಕೇಳುವರು. ಮೇಷ್ಟ್ರು ಗಡಿಯಾರ ನೋಡಿಕೊಂಡು ದಾಟಿ ಹೋಗುವರು.

ಐದನೆಯ ವರ್ಷ ಅಂಚೆಯಲ್ಲಿ ಬಂದ ಪತ್ರಿಕೆಯೊಂದರಲ್ಲಿ ಅವೇ ಕೊಂಕು ಗೆರೆಗಳ ಚಿತ್ರವಿತ್ತು. ಅವು ಜೀವಂತ ಅಣುಜೀವಿಗಳು, ಹುಣ್ಣಿಗೆ ಅವೇ ಕಾರಣವಿರಬಹುದು ಎಂದು ಬರೆದಿತ್ತು. ಓದಿದ ವೈದ್ಯರಲ್ಲಿ ಅರ್ಧ ಜನ ನಕ್ಕರು. ಮೇಷ್ಟ್ರು ನಗಲಿಲ್ಲ. ಬೀರು ತೆಗೆದು ಐದು ವರ್ಷದ ಸ್ಲೈಡುಗಳನ್ನೆಲ್ಲ ಕೆಳಗಿಳಿಸಿ, ಹೊಟ್ಟೆಯವನ್ನು ಒಂದು ಕಡೆ, ಕಿಡ್ನಿ ಲಿವರುಗಳವನ್ನು ಇನ್ನೊಂದು ಕಡೆ ಜೋಡಿಸಿ, ಸ್ಲೈಡಕ್ಕ ಅಂದು ಕೇಳಿದ್ದ ಪ್ರಶ್ನೆಯನ್ನು ತಾವೇ ಕೇಳಿಕೊಳ್ಳುತ್ತಾ ಮೂರು ದಿನ ನೋಡಿದರು. ನಾಲ್ಕನೆಯ ದಿನ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಕಾರಿಡಾರಿಗೆ ಹೋದರು.

"ಅಕ್ಕಾ, ಅದು ಕೊಳೆಯಲ್ಲ, ಜೀವಿ. ನೀವು ಹೇಳಿದ್ದೇ ಸರಿ."

"ನಾನೆಲ್ಲಿ ಜೀವಿ ಅಂದೆ ಸಾರ್? ನನ್ನ ಕೈಯದ್ದಲ್ಲ ಅಂದೆ, ಅಷ್ಟೆ."

ಮೇಷ್ಟ್ರು ಪೆನ್ನು ತೆಗೆದು ಹಳೆಯ ಸಾಲಿಗೆ ಗೀಟು ಎಳೆಯಹೊರಟರು. ಸ್ಲೈಡಕ್ಕ ಪುಟದ ಮೇಲೆ ಕೈ ಅಡ್ಡ ಇಟ್ಟರು.

"ಹೊಡೆದು ಹಾಕ್ಬೇಡಿ. ಹೊಡೆದ್ರೆ ನಾಳೆ ಬರೋರಿಗೆ ನೀವು ಹುಟ್ತಾನೇ ಜಾಣರು ಅನ್ಸುತ್ತೆ."

"ಮತ್ತೆ ನಿಮ್ಮ ಮಾನ?"

"ಅದನ್ನ ಪಕ್ಕದಲ್ಲಿ ಬರೀರಿ. ಜಾಗ ಇದ್ಯಲ್ಲ."

ಕಿಟಕಿಕಟ್ಟೆಯ ಮೇಲೆ ರಿಜಿಸ್ಟರ್ ಇಟ್ಟು, ಓಡಾಡುವವರೆಲ್ಲ ನೋಡುತ್ತಿರುವಂತೆ, ನೂರ ಹದಿನೇಳು 'ಕೊಳೆ'ಗಳ ಪಕ್ಕದಲ್ಲೂ ಮೇಷ್ಟ್ರು ಕೆಂಪು ಶಾಯಿಯಲ್ಲಿ 'ಹೀಗೆಂದು ತಿಳಿದಿದ್ದೆ' ಎಂದು ಬರೆದರು. ತೊಳೆದವರ ತಪ್ಪು ಎಂದಿದ್ದಲ್ಲಿ 'ಅಲ್ಲ, ನೋಡಿದವನದು' ಎಂದು ಬರೆದರು. ಆಮೇಲೆ ಮುಖ್ಯಸ್ಥರ ಕೋಣೆಗೆ ಹೋಗಿ, ಸ್ಲೈಡಕ್ಕ ತೊಳೆಯದ ಗಾಜನ್ನು ಇನ್ನು ಮುಟ್ಟುವುದಿಲ್ಲ ಎಂದು ಕೂತರು. ಸೋಮವಾರ ಅಕ್ಕ ಮತ್ತೆ ತಮ್ಮ ತೊಟ್ಟಿಯ ಮುಂದಿದ್ದರು.

ಅಂದಿನಿಂದ ಮೇಷ್ಟ್ರ ತರಗತಿಯ ಕಪ್ಪುಹಲಗೆಯಲ್ಲಿ 'ಕಾರಣ' ಎಂಬ ತಲೆಬರಹ ಹೋಗಿ 'ಹೀಗೆಂದು ತಿಳಿದಿದ್ದೇವೆ' ಎಂಬುದು ಬಂತು. ಪರೀಕ್ಷೆಯಲ್ಲಿ ಒಬ್ಬ ವಿದ್ಯಾರ್ಥಿನಿ, ಈ ರೋಗದ ಕಾರಣ ನನಗೂ ಗೊತ್ತಿಲ್ಲ, ಪುಸ್ತಕಕ್ಕೂ ಗೊತ್ತಿದ್ದಂತಿಲ್ಲ ಎಂದು ಬರೆದಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ಸೊನ್ನೆ ಹಾಕಿದರು. ಎದುರಿನ ಚಹಾ ಆರಿ ಕೆನೆಗಟ್ಟುವವರೆಗೆ ವಾದಿಸಿ ಮೇಷ್ಟ್ರು ಅವಳನ್ನು ಪಾಸು ಮಾಡಿಸಿದರು. ಈ ಸಂಪುಟದ ಸಂಪಾದಕಿ ಆ ವಿದ್ಯಾರ್ಥಿನಿಯೇ. ಹುಣ್ಣಿಗೆ ಅಣುಜೀವಿಯೇ ಕಾರಣವೆಂದು ಎಲ್ಲರೂ ಒಪ್ಪಿ ತಲೆದೂಗುವ ಕಾಲ ಬಂದಾಗಲೂ ಮೇಷ್ಟ್ರು, "ಜೀವಿ ಇದ್ದೂ ಹುಣ್ಣಾಗದವರು ಎಷ್ಟೋ ಜನ ಇದಾರೆ. ಪಕ್ಕದಲ್ಲಿ ಜಾಗ ಬಿಟ್ಟು ಬರ್ಕೊಳ್ರಪ್ಪ" ಎನ್ನುತ್ತಿದ್ದರು.

ಮೊನ್ನೆ ಸ್ಲೈಡಕ್ಕ ಕೋಲೂರಿಕೊಂಡು ವಿಭಾಗಕ್ಕೆ ಬಂದಿದ್ದರು. ಬಾಗಿಲಲ್ಲೇ ನಿಂತು, "ಕೊಳೆ ಹೋಯ್ತಾ ಸಾರ್?" ಎಂದರು.

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಸ್ವಲ್ಪ ಸ್ವಲ್ಪವೇ ಹೋಗ್ತಿದೆ ಅಕ್ಕಾ."

ಅದು ಪೂರ್ತಿ ಹೋಗುವಷ್ಟು ದೀರ್ಘವಾದ ಆಯುಸ್ಸು, ಹೋಗಿದೆಯೇ ಎಂದು ನೋಡುತ್ತಲೇ ಇರುವಷ್ಟು ಚುರುಕಾದ ಕಣ್ಣು ಮೇಷ್ಟ್ರಿಗೆ ಇರಲಿ. ಅವರ ಕೆಲಸ ಈ ತಿಂಗಳ ಕೊನೆಗೆ ಮುಗಿಯುತ್ತದೆ ಎಂದು ಕಚೇರಿಯ ಆದೇಶ ಬಂದಿದೆ. ಹೀಗೆಂದು ತಿಳಿದಿದ್ದೇವೆ. ಕಿಟಕಿಯ ಪಕ್ಕದಲ್ಲಿ ಜಾಗ ಬಿಟ್ಟಿದ್ದೇವೆ.